ತಂತಿ ಕುದಿಸಿದರೆ ಬೇಸ್ ಗಿಟಾರಿನ ನಾದ ಹೆಚ್ಚು ಹೊತ್ತು ನಿಲ್ಲುತ್ತದೆಯೇ?

ಬೇಸ್ ಗಿಟಾರಿನ ಹಳೆಯ ತಂತಿಗಳನ್ನು ಬಿಚ್ಚಿ ಕುದಿಯುವ ನೀರಿಗೆ ಹಾಕಿ, ಒರೆಸಿ ಮತ್ತೆ ಕಟ್ಟಿದರೆ ನಾದ ಹೊಸದರಂತೆ ಎಳೆದು ನಿಲ್ಲುತ್ತದೆ ಎಂಬ ಮಾತು ವಾದಕರ ನಡುವೆ ಬಹಳ ಹಳೆಯದು. ಇದು ಅರ್ಧ ಸತ್ಯ.

ತಂತಿಯನ್ನು ಮೀಟಿದಾಗ ಬೆರಳು ಅದಕ್ಕೆ ಒಂದಿಷ್ಟು ಶಕ್ತಿ ಕೊಡುತ್ತದೆ. ಆಮೇಲೆ ಆಗುವುದೆಲ್ಲ ಖರ್ಚು. ಸವದತ್ತಿ ಯಲ್ಲಮ್ಮನ ಜೋಗತಿಯರು ನುಡಿಸುವ ಚೌಡಿಕೆಯನ್ನು ಕೇಳಿದ್ದೀರಲ್ಲ? ಅದರ ತಂತಿ ನೇರವಾಗಿ ಚರ್ಮಕ್ಕೇ ಕಟ್ಟಿರುತ್ತದೆ. ಚರ್ಮ ಗಾಳಿಯನ್ನು ತಳ್ಳುತ್ತದೆ, ಶಕ್ತಿಯೆಲ್ಲ ಒಮ್ಮೆಲೇ ಸದ್ದಾಗಿ ಹೊರಬೀಳುತ್ತದೆ. ಮೈಕ್ ಇಲ್ಲದೆಯೂ ಜೋರಾಗಿ ಕೇಳುತ್ತದೆ, ಆದರೆ ಕ್ಷಣದಲ್ಲಿ ಮುಗಿಯುತ್ತದೆ. ಅದು ದೋಷವಲ್ಲ, ಹಾಡಿನ ಜೊತೆ ಲಯ ಹಿಡಿಯುವ ವಾದ್ಯಕ್ಕೆ ಅದೇ ಬೇಕು.

ಬೈಲಹೊಂಗಲ, ರಾಮದುರ್ಗದ ಕಡೆ ಜಾತ್ರೆಯ ರಸಮಂಜರಿ ವೇದಿಕೆಯಲ್ಲಿ ಕಾಣುವ ಎಲೆಕ್ಟ್ರಿಕ್ ಬೇಸ್ ಇದಕ್ಕೆ ತದ್ವಿರುದ್ಧ. ಗಟ್ಟಿ ಮರ ಅಲುಗಾಡುವುದು ಕಡಿಮೆ. ಸದ್ದು ಮಾಡುವ ಕೆಲಸ ಪಿಕಪ್ ಮತ್ತು ಆಂಪ್ಲಿಫೈಯರ್‌ನದು. ತಂತಿ ತನ್ನ ಶಕ್ತಿಯನ್ನು ನಿಧಾನವಾಗಿ ಖರ್ಚು ಮಾಡಬಹುದು. ಹಾಗಾಗಿ ನಾದ ಉಳಿಸುವುದೆಂದರೆ ಶಕ್ತಿ ಸೋರುವ ಜಾಗ ಹುಡುಕುವುದು.

ಕುದಿಸಿದಾಗ ಆಗುವುದೇನು?

ಬೇಸ್ ತಂತಿ ಎಂದರೆ ನಡುವಿನ ಉಕ್ಕಿನ ಎಳೆಗೆ ಸುತ್ತಿದ ಇನ್ನೊಂದು ತಂತಿ. ಸುತ್ತುಗಳ ಸಂದಿಯಲ್ಲಿ ಬೆವರು, ಧೂಳು, ಸತ್ತ ಚರ್ಮ ಸೇರಿಕೊಂಡು ಕಂಪನವನ್ನು ತಿನ್ನುತ್ತವೆ. ಮೊದಲು ಸಾಯುವುದು ಮೇಲಿನ ಹೊಳಪಿನ ಸ್ವರಾಂಶ. ಕುದಿಸಿದರೆ ಈ ಕೊಳೆ ಬಿಡುತ್ತದೆ, ಹೊಳಪು ಮರಳುತ್ತದೆ. ಆದರೆ ಸ್ವಲ್ಪ ದಿನ ಮಾತ್ರ. ಸುಮಾರು 41 ಹರ್ಟ್ಜ್‌ನ ದಪ್ಪ ಇ ತಂತಿಯ ಮೂಲ ನಾದಕ್ಕೆ ಇದರಿಂದ ಆಗುವ ಲಾಭ ಅಲ್ಪ. ನೀರಿಗೆ ಉಪ್ಪು, ನಿಂಬೆ ಹಾಕಬೇಡಿ. ಪೂರ್ತಿ ಒಣಗಿಸದೆ ಕಟ್ಟಿದರೆ ತುಕ್ಕು ಖಚಿತ.

ಒಂದೇ ಮನೆಯಲ್ಲಿ ನಾದ ಸತ್ತರೆ?

ಇಲ್ಲಿ ಕುದಿಸಿ ಪ್ರಯೋಜನವಿಲ್ಲ. ಆ ಕಂಪನಕ್ಕೆ ಗಿಟಾರಿನ ಕತ್ತೇ ಅಲುಗಿ ಶಕ್ತಿಯನ್ನು ನುಂಗುತ್ತಿರುತ್ತದೆ. ಸಾಮಾನ್ಯವಾಗಿ ಜಿ ತಂತಿಯ 5ರಿಂದ 7ನೇ ಮನೆಯ ಆಸುಪಾಸಿನಲ್ಲಿ ಈ ತೊಂದರೆ. ಪರೀಕ್ಷೆ ಸುಲಭ: ಜಿ ತಂತಿಯ 5ನೇ ಮನೆಯ ಸ್ವರವೇ ಡಿ ತಂತಿಯ 10ನೇ ಮನೆಯಲ್ಲೂ ಸಿಗುತ್ತದೆ. ಅಲ್ಲಿ ಚೆನ್ನಾಗಿ ನಿಂತರೆ ತಂತಿಯದಲ್ಲ, ಕತ್ತಿನ ಸಮಸ್ಯೆ. ಕತ್ತಿನ ತುದಿಗೆ ಸಣ್ಣ ಭಾರ ಬಿಗಿದರೆ ಆ ಜಾಗ ಸ್ವಲ್ಪ ಸರಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಭಾರದ ಹಿತ್ತಾಳೆ ಬ್ರಿಜ್ ಕೊಳ್ಳುವ ಮುನ್ನ ಪುಕ್ಕಟೆ ಕೆಲಸವೊಂದು ಮಾಡಿ. ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೆ ಅದರ ಅಯಸ್ಕಾಂತವೇ ತಂತಿಯನ್ನು ಎಳೆದು ಕಂಪನ ಕೆಡಿಸುತ್ತದೆ. ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಇಳಿಸಿ, ಮೀಟಿ, ಕೇಳಿ. ಬೆರಳನ್ನು ಮನೆಯ ನಡುವೆ ಒತ್ತದೆ ಫ್ರೆಟ್‌ನ ಹಿಂದೆಯೇ ಒತ್ತಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.