ಸೂಜಿ ಸೋಕದ ಗಂಟು

ಬಿ.ಸಿ.ಜಿ. ಎಂಬ ಹೆಸರನ್ನು ತಾವೆಲ್ಲರೂ ಬಲ್ಲಿರಿ. ಕ್ಷಯ ತಗಲದಿರಲೆಂದು ಕೂಸಿನ ತೋಳಿಗೆ ಹಾಕಿಸುವ ಮದ್ದು. ಅದನ್ನೇ ಕ್ಯಾನ್ಸರ್ ಗಂಟಿನೊಳಕ್ಕೆ ಚುಚ್ಚಿದವರೂ ಉಂಟು.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಕೆಟ್ಟು ಬೆಳೆದರೆ ಮೆಲನೋಮ. ಮೊದಲಿಗೇ ಕಂಡರೆ ಕೊಯ್ದು ತೆಗೆಯಬಹುದು. ಹರಡಿದ ಮೇಲೆ ಶಸ್ತ್ರವೈದ್ಯರು ಎಷ್ಟೆಂದು ಕೊಯ್ದಾರು? ಕ್ಯಾಲಿಫೋರ್ನಿಯದ ಡೊನಾಲ್ಡ್ ಮಾರ್ಟನ್ 1970ರ ಸುಮಾರಿಗೆ ಇಂಥ ಗಂಟುಗಳಿಗೆ ಬಿ.ಸಿ.ಜಿ. ಚುಚ್ಚಿ ನೋಡಿದರು. 1974ರಲ್ಲಿ ಅವರ ತಂಡ ಕೊಟ್ಟ ಲೆಕ್ಕವನ್ನು ಕೇಳಿ. ರೋಗ ಚರ್ಮದಲ್ಲಷ್ಟೇ ಇದ್ದು, ಮೈಯ ನಿರೋಧಶಕ್ತಿ ಕುಂದದಿದ್ದವರಲ್ಲಿ, ಚುಚ್ಚಿದ ಗಂಟುಗಳು ನೂರಕ್ಕೆ 90ರಷ್ಟು ಕುಗ್ಗಿದವು. ಸೂಜಿ ಸೋಕದ ಗಂಟುಗಳೂ ನೂರಕ್ಕೆ 17ರಷ್ಟು ಕುಗ್ಗಿದವು! ಒಂದು ಮನೆಗೆ ಕಳ್ಳ ನುಗ್ಗಿದಾಗ ಕೂಗು ಕೇಳಿ ಕೇರಿಯೆಲ್ಲ ಎದ್ದಂತೆ, ಒಂದೆಡೆಯ ಉರಿಯೂತ ಮೈಯ ರಕ್ಷಕಕೋಶಗಳನ್ನೇ ಎಬ್ಬಿಸಿತ್ತು. ಆದರೆ ಉಳಿದ 83 ಹಾಗೆಯೇ ಇದ್ದುವಲ್ಲ! ಮೇಲಾಗಿ ಈ ಚಿಕಿತ್ಸೆಯಿಂದ ಕೆಲವರು ಸತ್ತದ್ದೂ ಉಂಟು. ಬಿ.ಸಿ.ಜಿ. ಇಲ್ಲಿ ಹಿಂದೆ ಸರಿಯಿತು. (ಮೂತ್ರಕೋಶದ ಕ್ಯಾನ್ಸರಿಗೆ ಅದನ್ನು ಇಂದಿಗೂ ಬಳಸುತ್ತಾರೆ.)

ಎದ್ದ ಕೇರಿ ಮತ್ತೆ ಮಲಗುವುದೇಕೆ? ರಕ್ಷಕಕೋಶಗಳಿಗೆ ಬ್ರೇಕು ಇದೆ ಎಂಬುದೇ ಉತ್ತರ. ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೋಂಜೊ ಇಬ್ಬರೂ ಒಂದೊಂದು ಬ್ರೇಕಿನ ಗುಟ್ಟು ತಿಳಿದು 2018ರ ನೊಬೆಲ್ ಪಡೆದರು. ಆಲಿಸನ್ನರ ದಾರಿಯಲ್ಲಿ ಬಂದ ಇಪಿಲಿಮುಮ್ಯಾಬ್ 2011ರಲ್ಲೇ ಬಳಕೆಗೆ ಬಂದಿತ್ತು. 2015ರಲ್ಲಿ ಅಮೆರಿಕ ಒಪ್ಪಿದ ಟಿ-ವೆಕ್ ಇನ್ನೂ ವಿಚಿತ್ರ: ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸನ್ನೇ ಪಳಗಿಸಿ ಗಂಟಿಗೆ ಚುಚ್ಚುವುದು. ಅದು ಕ್ಯಾನ್ಸರ್ ಕೋಶವನ್ನು ಒಡೆದು, ಒಳಗಿನ ಗುರುತುಗಳನ್ನು ರಕ್ಷಕರಿಗೆ ತೋರಿಸುತ್ತದೆ.

ಒಂದು ಕಡೆ ಕೂಗು, ಇನ್ನೊಂದು ಕಡೆ ಬ್ರೇಕಿನ ಸಡಿಲಿಕೆ, ಎರಡನ್ನೂ ಕೂಡಿಸಿದರೆ? 198 ರೋಗಿಗಳ ಪರೀಕ್ಷೆಯಲ್ಲಿ ಇಪಿಲಿಮುಮ್ಯಾಬ್ ಒಂದರಿಂದಲೇ ನೂರಕ್ಕೆ 18 ಮಂದಿಗೆ ಗುಣ ಕಂಡರೆ, ಟಿ-ವೆಕ್ ಕೂಡಿದಾಗ 39 ಮಂದಿಗೆ ಕಂಡಿತು. ಆಸೆ ಚಿಗುರಿತು. ಮುಂದೆ 692 ರೋಗಿಗಳು. ಎಲ್ಲರಿಗೂ ಹೋಂಜೊ ಕಂಡ ಬ್ರೇಕನ್ನು ಸಡಿಲಿಸುವ ಪೆಂಬ್ರೊಲಿಜುಮ್ಯಾಬ್. ಗಂಟಿಗೆ ಮಾತ್ರ ಅರ್ಧದಷ್ಟು ಮಂದಿಗೆ ವೈರಸ್ಸು, ಉಳಿದವರಿಗೆ ಹುಸಿಮದ್ದು. ಯಾರಿಗೆ ಯಾವುದೆಂದು ವೈದ್ಯರಿಗೂ ತಿಳಿಯದು. 2023ರಲ್ಲಿ ಅಚ್ಚಾದ ವರದಿಯಂತೆ, ರೋಗ ತಡೆಯುವುದರಲ್ಲಾಗಲಿ ಆಯುಸ್ಸಿನಲ್ಲಾಗಲಿ ನಂಬಿ ಹೇಳುವಷ್ಟು ಅಂತರ ಕಾಣಲಿಲ್ಲ.

ನನಗಂತೂ ಈ ಸೋಲಿನ ವರದಿಯೇ ಹೆಚ್ಚು ಬೆಲೆಯದೆನಿಸುತ್ತದೆ. ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಸೂಜಿಗೆ ಮೈಯೊಡ್ಡುವ ರೋಗಿಗೆ, ಲಾಭವುಂಟೋ ಇಲ್ಲವೋ ಎಂದು ತಿಳಿಯುವ ಹಕ್ಕಿಲ್ಲವೇ? ಬ್ರೇಕಿನ ಮದ್ದು ನಾಟದವರಲ್ಲಿ ಇಂಥ ಬೇರೆ ವೈರಸ್ಸುಗಳನ್ನು ಕೂಡಿಸಿ ನೋಡುವ ಪರೀಕ್ಷೆಗಳೂ ನಡೆದಿವೆ.