ಭೂಮಿಯ ವಯಸ್ಸು: ಗ್ರಂಥದ ಲೆಕ್ಕ, ಕಲ್ಲಿನ ಲೆಕ್ಕ

ಭೂಮಿಗೆ ವಯಸ್ಸೆಷ್ಟು ಎಂಬ ಪ್ರಶ್ನೆಗೆ ಯುರೋಪಿನಲ್ಲಿ ಬಹುಕಾಲ ಮನ್ನಣೆ ಪಡೆದಿದ್ದ ಉತ್ತರವನ್ನು ಕೊಟ್ಟವನು ವಿಜ್ಞಾನಿಯಲ್ಲ, ಐರ್ಲೆಂಡಿನ ಆರ್ಮಾ ಪೀಠದ ಆರ್ಚ್‌ಬಿಷಪ್ ಜೇಮ್ಸ್ ಅಷರ್. 1650ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಆತ, ಸೃಷ್ಟಿ ಮೊದಲಾದದ್ದು ಕ್ರಿ.ಪೂ. 4004ನೆಯ ಇಸವಿ ಅಕ್ಟೋಬರ್ 23ರ ಹಿಂದಿನ ಸಂಜೆ ಎಂದು ಬರೆದ. ಇಂದು ಇದನ್ನು ಕೇಳಿ ನಗುವುದು ಸುಲಭ. ಆದರೆ ಅಷರ್ ನಗೆಪಾಟಲಿನ ಮನುಷ್ಯನಲ್ಲ. ತನ್ನ ಕಾಲದ ಬಹುದೊಡ್ಡ ವಿದ್ವಾಂಸರಲ್ಲಿ ಅವನೊಬ್ಬ. ಬೈಬಲ್ಲಿನಲ್ಲಿ ಬರುವ ಪಿತೃಗಳ ಆಯುಷ್ಯ, ಅರಸರ ಆಳ್ವಿಕೆ ಇವನ್ನೆಲ್ಲ ಕೂಡಿಸಿ, ಬ್ಯಾಬಿಲೋನಿನ ಮತ್ತು ಗ್ರೀಕರ ಇತಿಹಾಸದಲ್ಲಿ ಕಾಲ ಗೊತ್ತಿರುವ ಘಟನೆಗಳಿಗೆ ತಾಳೆ ಹಾಕಿ ಅವನು ಈ ಇಸವಿಗೆ ಬಂದದ್ದು. ಖಗೋಳಶಾಸ್ತ್ರಜ್ಞ ಕೆಪ್ಲರನೂ ಇಂಥದೇ ಲೆಕ್ಕ ಹಾಕಿದ್ದ. ನ್ಯೂಟನ್ ಪ್ರಾಚೀನ ರಾಜ್ಯಗಳ ಕಾಲಗಣನೆಯ ಮೇಲೆ ಒಂದು ಗ್ರಂಥವನ್ನೇ ಬರೆದ. ಹೀಬ್ರೂ ಪಾಠವನ್ನು ಬಿಟ್ಟು ಗ್ರೀಕ್ ಪಾಠವನ್ನು ಹಿಡಿದರೆ ಸೃಷ್ಟಿ ಸುಮಾರು ಒಂದೂವರೆ ಸಾವಿರ ವರ್ಷ ಹಿಂದೆ ಸರಿಯುತ್ತದೆ ಎಂಬುದೂ ಪಂಡಿತರಿಗೆ ಗೊತ್ತಿತ್ತು. ಎಂದರೆ ಅದು ವಾದಕ್ಕೆ ತೆರೆದಿದ್ದ ಲೆಕ್ಕ. ಅದು ಗಟ್ಟಿಯಾಗಿ ಕುಳಿತದ್ದು 1701ರಿಂದ ಈಚೆಗೆ, ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಆ ಇಸವಿಗಳನ್ನು ಅಚ್ಚು ಹಾಕತೊಡಗಿದ ಮೇಲೆ. ಪುಟದ ಅಂಚಿನಲ್ಲಿದ್ದುದನ್ನೂ ಜನ ಶ್ರುತಿವಾಕ್ಯವೆಂದೇ ಓದಿದರು. ಟಿಪ್ಪಣಿ ಮೂಲವಾಗಿಬಿಡುವ ಇಂಥ ಪವಾಡ ನಮ್ಮ ವ್ಯಾಖ್ಯಾನ ಪರಂಪರೆಗೂ ಅಪರಿಚಿತವಲ್ಲ.

ಈ ಅಂಚಿನ ಇಸವಿಗಳು ಹಡಗು ಹತ್ತಿ ನಮ್ಮ ದೇಶಕ್ಕೂ ಬಂದವು. ಕಲ್ಕತ್ತೆಯಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸ್ 1788ರ ಜನವರಿಯಲ್ಲಿ ಹಿಂದೂಗಳ ಕಾಲಗಣನೆಯನ್ನು ಕುರಿತು ಒಂದು ಪ್ರಬಂಧ ಬರೆದ. ಸಂಸ್ಕೃತವನ್ನು ಅಷ್ಟೊಂದು ಪ್ರೀತಿಸಿದ ಈ ಪಂಡಿತನಿಗೆ ಇಲ್ಲಿ ಒಂದು ದೊಡ್ಡ ತೊಡಕು ಎದುರಾಯಿತು. ಅಷರನ ಲೆಕ್ಕದಲ್ಲಿ ನೋಹನ ಜಲಪ್ರಳಯ ಕ್ರಿ.ಪೂ. 2348ರಲ್ಲಿ. ಕಲಿಯುಗ ಮೊದಲಾದದ್ದೋ ಕ್ರಿ.ಪೂ. 3102ರಲ್ಲಿ, ಪ್ರಳಯಕ್ಕಿಂತ ಏಳೂವರೆ ಶತಮಾನ ಮೊದಲು. ಅದರ ಹಿಂದೆ ಇನ್ನೂ ಮೂರು ಯುಗಗಳು! ಜೋನ್ಸ್ ಏನು ಮಾಡಿದ? ಲಕ್ಷಗಟ್ಟಲೆ ವರ್ಷಗಳನ್ನು ಕವಿಕಲ್ಪನೆಯೆಂದು ಬದಿಗಿಟ್ಟ. ಮೊದಲನೆಯ ಮನುವನ್ನು ಆದಾಮನೆಂದೂ, ಮತ್ಸ್ಯಾವತಾರದ ಕಥೆಯ ಮನುವನ್ನು ನೋಹನೆಂದೂ ಗುರುತಿಸಿ, ನಮ್ಮ ಇಡೀ ಪುರಾಣವನ್ನು ಬೈಬಲ್ಲಿನ ಅಳತೆಗೆ ಕತ್ತರಿಸಿ ಹೊಲಿದ. ಇದನ್ನು ಬರಿಯ ದೊರೆತನದ ಅಹಂಕಾರವೆಂದು ತಳ್ಳಿಹಾಕಲಾಗದು. ಬೇರೊಂದು ಪ್ರಬಂಧದಲ್ಲಿ ಆತನೇ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ: ಆದಿಕಾಂಡದ ಮೊದಲ ಹನ್ನೊಂದು ಅಧ್ಯಾಯಗಳು ನಿಜವಾಗಿರಬೇಕು, ಇಲ್ಲವಾದರೆ ತಮ್ಮ ಮತದ ಕಟ್ಟಡವೇ ಸುಳ್ಳು, ಎಂದು. ಮನೆಯ ಆಯವನ್ನೆಲ್ಲ ಒಂದೇ ಕಂಬದ ಮೇಲೆ ನಿಲ್ಲಿಸಿದವನ ಭಯ ಅದು.

ಅದೇ 1788ರಲ್ಲಿ, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಮೂವರು ಒಂದು ದೋಣಿಯಲ್ಲಿ ಹೊರಟರು. ಜೇಮ್ಸ್ ಹಟನ್, ಸರ್ ಜೇಮ್ಸ್ ಹಾಲ್, ಜಾನ್ ಪ್ಲೇಫೇರ್. ಹಟನ್ ವೈದ್ಯವನ್ನು ಓದಿ, ಬೇಸಾಯ ಮಾಡಿ, ಕೊನೆಗೆ ಕಲ್ಲುಗಳ ಹಿಂದೆ ಬಿದ್ದವನು. ಪ್ಲೇಫೇರ್ ಗಣಿತಜ್ಞ, ಕೆಲವು ವರ್ಷಗಳ ಹಿಂದಿನವರೆಗೆ ಹಳ್ಳಿಯ ಪಾದ್ರಿಯಾಗಿದ್ದವನು. ಸಿಕ್ಕರ್ ಪಾಯಿಂಟ್ ಎಂಬ ಬಂಡೆಯ ಮೂಲೆಯಲ್ಲಿ ಅವರಿಗೆ ಕಂಡದ್ದು ಇದು: ಕೆಳಗೆ ಬೂದುಬಣ್ಣದ ಶಿಲಾಸ್ತರಗಳು ಕಪಾಟಿನ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ, ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ತುಸು ಓರೆಯಾಗಿ ಮಲಗಿವೆ. ನೋಡಿದವರಿಗೆ ಇದರಲ್ಲೇನು ವಿಶೇಷ? ವಿಶೇಷವಿರುವುದು ಓದುವ ಬಗೆಯಲ್ಲಿ. ಕೆಳಗಿನ ಕಲ್ಲು ಕಡಲ ತಳದಲ್ಲಿ ಕೆಸರಾಗಿ, ಪದರ ಪದರವಾಗಿ ಕುಳಿತದ್ದು. ಅದು ಗಟ್ಟಿಯಾಗಬೇಕು, ಮಡಿಚಿ ನೆಟ್ಟಗಾಗಬೇಕು, ನೀರಿನಿಂದ ಮೇಲೇಳಬೇಕು, ಮಳೆಗಾಳಿಗಳಿಗೆ ತಲೆ ಸವೆಯಬೇಕು. ಆಮೇಲೆ ಅದರ ಮೇಲೆ ಇನ್ನೊಂದು ಬೆಟ್ಟದ ಸವಕಳಿ ಮರಳಾಗಿ ಬಂದು ಹರಡಿ, ಅದೂ ಕಲ್ಲಾಗಿ, ಎರಡೂ ಕೂಡಿ ಮತ್ತೊಮ್ಮೆ ಮೇಲೇಳಬೇಕು. ಇಂದು ಹೊಳೆ ಒಂದು ಕೂದಲೆಳೆಯಷ್ಟು ಮಣ್ಣು ಹಾಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಬಲ್ಲವನಿಗೆ ಆರು ಸಾವಿರ ವರ್ಷ ಎಲ್ಲಿ ಸಾಕಾದೀತು? ಕಾಲದ ಆ ಆಳಕ್ಕೆ ಇಣುಕಿ ತಲೆ ಸುತ್ತಿದಂತಾಯಿತೆಂದು ಪ್ಲೇಫೇರ್ ಮುಂದೆ ಬರೆದುಕೊಂಡ. ಹಟನ್ ದೇವರನ್ನು ಅಲ್ಲಗಳೆದವನಲ್ಲ. ಇಷ್ಟು ಸುವ್ಯವಸ್ಥಿತವಾಗಿ ತನ್ನನ್ನು ತಾನೇ ನವೀಕರಿಸಿಕೊಳ್ಳುವ ಭೂಮಿಯ ಹಿಂದೆ ಒಂದು ಸಂಕಲ್ಪವಿದೆಯೆಂದೇ ಅವನು ನಂಬಿದ್ದ. ಆರಂಭದ ಗುರುತು ಮಾತ್ರ ಕಲ್ಲಿನಲ್ಲಿ ತನಗೆ ಕಾಣದು ಎಂದ, ಅಷ್ಟೆ.

ಈ ಪ್ಲೇಫೇರನಿಗೂ ನಮ್ಮ ಕಲಿಯುಗಕ್ಕೂ ಒಂದು ಕುತೂಹಲದ ನಂಟಿದೆ. ಶುಕ್ರಸಂಕ್ರಮಣವನ್ನು ನೋಡಲೆಂದು ಪುದುಚೇರಿಗೆ ಬಂದ ಫ್ರೆಂಚ್ ಖಗೋಳಜ್ಞ ಲ ಜಾಂತಿಗೆ 1769ರ ಆ ದಿನ ಮೋಡ ಅಡ್ಡವಾಯಿತು. ಆದರೂ ಅವನು ಬರಿಗೈಯಲ್ಲಿ ಮರಳಲಿಲ್ಲ. ಅಲ್ಲಿಯ ಜೋಯಿಸರಿಂದ ಗ್ರಹಣಗಳ ಗಣಿತವನ್ನು ಕಲಿತು ಒಯ್ದ. ಅದನ್ನೂ ಇತರ ಭಾರತೀಯ ಕೋಷ್ಟಕಗಳನ್ನೂ ಪರಿಶೀಲಿಸಿದ ಬೈಯಿ ಎಂಬಾತ, ಕಲಿಯುಗಾರಂಭದಲ್ಲಿ ಭಾರತೀಯರು ಕಣ್ಣಾರೆ ಆಕಾಶವನ್ನು ನೋಡಿ ಗುರುತಿಸಿದ್ದರು ಎಂದು ವಾದಿಸಿದ. 1790ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಪ್ಲೇಫೇರ್ ಇದನ್ನು ಸಮರ್ಥಿಸಿದ. ಇತ್ತ ಜಾನ್ ಬೆಂಟ್ಲಿ ಎಂಬ ಇನ್ನೊಬ್ಬ, ಮೋಸೆಯ ಇತಿಹಾಸಕ್ಕೆ ಇದರಿಂದ ಧಕ್ಕೆಯೆಂದು ಸಿಡಿದೆದ್ದು, ಸೂರ್ಯಸಿದ್ಧಾಂತವನ್ನು ಹನ್ನೊಂದನೆಯ ಶತಮಾನದವರೆಗೆ ಈಚೆಗೆ ಎಳೆದು ತಂದ. ಇಬ್ಬರದೂ ಸರಿಯಲ್ಲವೆಂದು ಈಗ ತಿಳಿದಿದೆ. ಆ ಆರಂಭಬಿಂದು ಕಂಡದ್ದಲ್ಲ, ಗಣಿತದಿಂದ ಹಿಂದಕ್ಕೆ ಹೋಗಿ ಹಿಡಿದದ್ದು. ಕಲಿಯುಗದ 3,600 ವರ್ಷಗಳು ಕಳೆದಾಗ ತನಗೆ ಇಪ್ಪತ್ತಮೂರು ವರ್ಷ ವಯಸ್ಸೆಂದು ಆರ್ಯಭಟನು ಹೇಳಿಕೊಂಡದ್ದು ಕ್ರಿ.ಶ. 499ಕ್ಕೆ ಸಲ್ಲುತ್ತದೆ. ಕಲ್ಲನ್ನು ಸರಿಯಾಗಿ ಓದಿದ ಅದೇ ಪ್ಲೇಫೇರ್ ಪಂಚಾಂಗವನ್ನು ಓದುವಲ್ಲಿ ಎಡವಿದ.

ಹಟನ್ನನ ಬಳಿಕ ಬಂದ ಆಂಗ್ಲ ಭೂವಿಜ್ಞಾನಿಗಳಲ್ಲಿ ಪಾದ್ರಿಗಳೇ ಹಲವರು. ವಿಜ್ಞಾನ ಒಂದು ಕಡೆ, ಮಠ ಇನ್ನೊಂದು ಕಡೆ ನಿಂತು ಬಡಿದಾಡಿದವೆಂಬ ಜನಪ್ರಿಯ ಕಥೆ ಇಲ್ಲಿ ನಿಲ್ಲದು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲಂಡ್ ಯಾರ್ಕ್‌ಷೈರಿನ ಕಿರ್ಕ್‌ಡೇಲ್ ಗುಹೆಯಲ್ಲಿ ಸಿಕ್ಕ ಆನೆ, ಖಡ್ಗಮೃಗಗಳ ಎಲುಬುಗಳನ್ನು ಪರೀಕ್ಷಿಸಿ, ಅವು ಪ್ರಳಯದ ನೀರಿನಲ್ಲಿ ತೇಲಿಬಂದವಲ್ಲ, ಅಲ್ಲೇ ವಾಸವಿದ್ದ ಕತ್ತೆಕಿರುಬಗಳು ಎಳೆದು ತಂದು ಕಡಿದವು ಎಂದು ತೋರಿಸಿದ. ಹಲ್ಲಿನ ಗುರುತು ತಾಳೆ ನೋಡಲು ಜೀವಂತ ಕಿರುಬವೊಂದನ್ನು ತರಿಸಿ ಅದಕ್ಕೆ ಎಲುಬು ಹಾಕಿ ಪ್ರಯೋಗ ಮಾಡಿದ! ಗುಹೆಯನ್ನು ಕೊನೆಗೆ ಕೆಸರಿನಿಂದ ಮುಚ್ಚಿದ್ದು ಮಾತ್ರ ನೋಹನ ಪ್ರಳಯವೇ ಎಂದು 1823ರಲ್ಲಿ ಬರೆದ ಆತ 1836ರ ಗ್ರಂಥದಲ್ಲಿ ಆ ಮಾತನ್ನು ಕೈಬಿಟ್ಟ. ಕೇಂಬ್ರಿಜಿನ ಆಡಂ ಸೆಜ್‌ವಿಕ್, ಅವನೂ ದೀಕ್ಷಾಬದ್ಧ ಪಾದ್ರಿಯೇ, 1831ರಲ್ಲಿ ಭೂವಿಜ್ಞಾನ ಸಂಘದ ಅಧ್ಯಕ್ಷಪೀಠದಿಂದಲೇ ತನ್ನ ಹಳೆಯ ಪ್ರಳಯವಾದವನ್ನು ಹಿಂತೆಗೆದುಕೊಂಡ. ತುಂಬಿದ ಸಭೆಯಲ್ಲಿ ಹಾಗೆ ನುಡಿಯಲು ಬೇಕಾದ ಎದೆಗಾರಿಕೆ ಸಾಮಾನ್ಯವಾದುದಲ್ಲ.

ಗ್ರಂಥವನ್ನೂ ಕಲ್ಲನ್ನೂ ಹೊಂದಿಸಲು ಅವರಿಗೆ ಎರಡು ದಾರಿಗಳಿದ್ದವು. ಆದಿಕಾಂಡದ ಮೊದಲನೆಯ ವಾಕ್ಯಕ್ಕೂ ಎರಡನೆಯದಕ್ಕೂ ನಡುವೆ ಎಣಿಸಲಾಗದ ಕಾಲವೊಂದು ಉರುಳಿತೆನ್ನುವುದು ಒಂದು; ಬಕ್‌ಲಂಡ್ ಹಿಡಿದದ್ದು ಇದನ್ನು. ಆರು ದಿನಗಳೆಂದರೆ ದಿನಗಳಲ್ಲ, ಆರು ಯುಗಗಳು ಎನ್ನುವುದು ಇನ್ನೊಂದು. ಇದನ್ನು ಹೃದಯ ತುಂಬಿ ಪ್ರತಿಪಾದಿಸಿದವನು ಹ್ಯೂ ಮಿಲ್ಲರ್. ಸ್ಕಾಟ್ಲೆಂಡಿನ ಕ್ರೊಮಾರ್ಟಿಯ ಈ ಕಲ್ಲುಕುಟಿಗ, ಗಣಿಯಲ್ಲಿ ಉಳಿ ಹಿಡಿದ ಕೈಯಿಂದಲೇ ಮೀನಿನ ಪಳೆಯುಳಿಕೆಗಳನ್ನು ಬಿಡಿಸಿ, ಇಂಗ್ಲಿಷಿನಲ್ಲಿ ಸೊಗಸಾದ ಗದ್ಯ ಬರೆದು, ಧಾರ್ಮಿಕ ಪತ್ರಿಕೆಯೊಂದರ ಸಂಪಾದಕನಾಗಿ ಬೆಳೆದವನು. ಮೋಸೆಗೆ ಸೃಷ್ಟಿಯ ಯುಗಗಳು ಚಿತ್ರಪರಂಪರೆಯಾಗಿ ಕಂಡವೆಂದೂ, ಪ್ರತಿ ಚಿತ್ರವೂ ಒಂದು ದಿನವೆಂದೂ ಅವನ ಭಾವನೆ. ಈ ವಿಚಾರದ ಪುಸ್ತಕದ ಕರಡಚ್ಚುಗಳನ್ನು ತಿದ್ದುತ್ತಿದ್ದ ದಿನಗಳಲ್ಲೇ, 1856ರ ಡಿಸೆಂಬರ್ 24ರ ಮುಂಜಾವದ ಹೊತ್ತಿಗೆ, ಅವನು ಗುಂಡು ಹಾರಿಸಿಕೊಂಡು ಸತ್ತ. ಮನಸ್ಸಿನ ಭೀಕರ ಅಸ್ವಸ್ಥತೆ ಅವನನ್ನು ಕಾಡುತ್ತಿತ್ತು. ನಂಬಿಕೆ ಮತ್ತು ವಿಜ್ಞಾನಗಳ ಇಕ್ಕಳದಲ್ಲಿ ಸಿಕ್ಕು ಸತ್ತನೆಂದು ಬರೆಯುವವರಿದ್ದಾರೆ. ಒಬ್ಬನ ರೋಗವನ್ನು ನಮ್ಮ ವಾದಕ್ಕೆ ದೃಷ್ಟಾಂತ ಮಾಡಿಕೊಳ್ಳುವುದು ನನಗೆ ಸರಿತೋರದು.

ಮರುವರ್ಷ, 1857ರಲ್ಲಿ, ಮೂರನೆಯ ದಾರಿಯೊಂದು ಹೊರಟಿತು. ಫಿಲಿಪ್ ಗಾಸ್ ಸಮುದ್ರಜೀವಿಗಳನ್ನು ಕುರಿತು ಮನೆಮಾತಾಗಿದ್ದ ಲೇಖಕ, ಬೈಬಲ್ಲಿನ ಅಕ್ಷರಾಕ್ಷರದಲ್ಲಿ ವಿಶ್ವಾಸವಿಟ್ಟವನು. ಆ ವರ್ಷವಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದ. ತನ್ನ ಪುಸ್ತಕಕ್ಕೆ ಅವನಿಟ್ಟ ಹೆಸರು 'ಆಂಫಲೋಸ್'. ಗ್ರೀಕ್ ಭಾಷೆಯಲ್ಲಿ ಹೊಕ್ಕುಳು ಎಂದು ಅರ್ಥ. ತಾಯ ಬಸಿರಿನಿಂದ ಬಾರದ ಆದಾಮನಿಗೆ ಹೊಕ್ಕುಳಿತ್ತೇ? ಇತ್ತು, ಎಂದ ಗಾಸ್. ಸೃಷ್ಟಿಯ ಕ್ಷಣದಲ್ಲಿ ಮರದೊಳಗೆ ವರ್ಷದ ಉಂಗುರಗಳಿದ್ದವು. ಹಾಗೆಯೇ ಭೂಮಿಯೊಳಗೆ ಪಳೆಯುಳಿಕೆಗಳೂ ಇದ್ದವು. ನಡೆಯದ ಇತಿಹಾಸದ ಗುರುತುಗಳೊಂದಿಗೇ ದೇವರು ಜಗತ್ತನ್ನು ನಿರ್ಮಿಸಿದ. ತರ್ಕದಿಂದ ಇದನ್ನು ಮುರಿಯಲು ಸಾಧ್ಯವಿಲ್ಲ; ನಿನ್ನೆ ಸಂಜೆಯಷ್ಟೇ ಜಗತ್ತು ಹುಟ್ಟಿತೆಂದು ಹೇಳಿದರೂ ಮುರಿಯಲಾಗದು. ಇದನ್ನು ಮೊದಲು ನಿರಾಕರಿಸಿದವರಲ್ಲಿ ಗಾಸ್‌ನ ಮಿತ್ರ, ಸ್ವತಃ ಪಾದ್ರಿಯಾದ ಚಾರ್ಲ್ಸ್ ಕಿಂಗ್ಸ್ಲಿ ಸೇರಿದ್ದಾನೆ. ದೇವರು ಬಂಡೆಗಳ ಮೇಲೆ ಒಂದು ದೊಡ್ಡ ಸುಳ್ಳನ್ನು ಬರೆದಿಟ್ಟಿದ್ದಾನೆಂದು ತಾನು ನಂಬಲಾರೆ ಎಂಬುದು ಅವನ ಉತ್ತರದ ತಾತ್ಪರ್ಯ. ಪುಸ್ತಕವನ್ನು ಕೊಳ್ಳುವವರಿರಲಿಲ್ಲ. ಆ ಮನೆಯ ಆ ವರ್ಷದ ಮಬ್ಬನ್ನು ಮಗ ಎಡ್ಮಂಡ್ ಗಾಸ್ 1907ರ ತನ್ನ ಆತ್ಮಕಥನದಲ್ಲಿ ಚಿತ್ರಿಸಿದ್ದಾನೆ. ತೋರು ದತ್ತ್ ಮತ್ತು ಸರೋಜಿನಿ ನಾಯ್ಡು ಅವರ ಕವಿತೆಗಳಿಗೆ ಮುನ್ನುಡಿ ಬರೆದ ಅದೇ ಎಡ್ಮಂಡ್ ಗಾಸ್.

ಆಮೇಲಿನ ಕಥೆಯನ್ನು ಬೇಗ ಹೇಳಬಹುದು. ಭೂಮಿ ಕಾದ ಗೋಲವಾಗಿದ್ದು ತಣಿಯುತ್ತ ಬಂದಿದೆಯೆಂಬ ಆಧಾರದ ಮೇಲೆ ಲಾರ್ಡ್ ಕೆಲ್ವಿನ್ ಅದರ ವಯಸ್ಸನ್ನು ಕೊನೆಗೆ 2ರಿಂದ 4 ಕೋಟಿ ವರ್ಷಗಳಿಗೆ ಇಳಿಸಿದ. ಡಾರ್ವಿನ್ನನಿಗೆ ಇದು ಕೊನೆಯವರೆಗೂ ತಲೆನೋವಾಗಿತ್ತು. ಇಕ್ಕಟ್ಟು ಈ ಸಲ ಬಂದದ್ದು ಮಠದಿಂದಲ್ಲ, ಭೌತಶಾಸ್ತ್ರದಿಂದ! 1896ರಲ್ಲಿ ವಿಕಿರಣಶೀಲತೆ ಪತ್ತೆಯಾಯಿತು. ಯುರೇನಿಯಂ ತನ್ನಷ್ಟಕ್ಕೆ ತಾನೇ ಗೊತ್ತಾದ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತದೆ. ಅದರ ಮುಖ್ಯ ಬಗೆಯ ಅರ್ಧ ಭಾಗ ಹಾಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷ ಬೇಕು. ಕಲ್ಲಿನಲ್ಲಿ ಎರಡರ ಪ್ರಮಾಣವನ್ನು ಅಳೆದರೆ ಕಲ್ಲೇ ಗಡಿಯಾರ. ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು ಅಮೆರಿಕದ ಕ್ಲೇರ್ ಪ್ಯಾಟರ್‌ಸನ್ 1956ರಲ್ಲಿ ಪ್ರಕಟಿಸಿದ ವಯಸ್ಸು 455 ಕೋಟಿ ವರ್ಷ. ಇಂದು ಅಂಗೀಕೃತವಾದ 454 ಕೋಟಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ.

ಇಷ್ಟು ಹೇಳುತ್ತಲೇ ನಮ್ಮಲ್ಲಿ ಕೆಲವರ ಮುಖ ಅರಳುತ್ತದೆ. ಬ್ರಹ್ಮನ ಒಂದು ಹಗಲು, ಎಂದರೆ ಒಂದು ಕಲ್ಪ, 432 ಕೋಟಿ ವರ್ಷ. ನಮ್ಮ ಋಷಿಗಳಿಗೆ ಇದು ಮೊದಲೇ ತಿಳಿದಿತ್ತಲ್ಲವೇ, ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಈ ಸಂತೋಷವನ್ನು ಸ್ವಲ್ಪ ತಡೆದು ಲೆಕ್ಕ ನೋಡಬೇಕು. 432 ಕೋಟಿ ಎಂಬುದು ಹಗಲಿನ ಪೂರ್ಣ ಪ್ರಮಾಣ, ಕಳೆದುಹೋದ ಕಾಲವಲ್ಲ. ನಾವು ಸಂಕಲ್ಪದಲ್ಲಿ ಹೇಳಿಕೊಳ್ಳುವುದು ಶ್ವೇತವರಾಹ ಕಲ್ಪದ ಏಳನೆಯದಾದ ವೈವಸ್ವತ ಮನ್ವಂತರ, ಅದರ ಇಪ್ಪತ್ತೆಂಟನೆಯ ಮಹಾಯುಗದ ಕಲಿಯುಗವನ್ನು. ಕಳೆದ ಆರು ಮನ್ವಂತರಗಳು, ಅವುಗಳ ಸಂಧಿಗಳು, ಇಪ್ಪತ್ತೇಳು ಮಹಾಯುಗಗಳು, ಈಗಿನದರ ಮೂರು ಯುಗಗಳು, ಎಲ್ಲ ಕೂಡಿದರೆ ಬರುವುದು ಸುಮಾರು 197 ಕೋಟಿ 29 ಲಕ್ಷ ವರ್ಷ. ಭೂಮಿಯ ವಯಸ್ಸಿನ ಅರ್ಧಕ್ಕಿಂತ ಕಡಿಮೆ. ಸೂರ್ಯಸಿದ್ಧಾಂತವಂತೂ ಇದರಿಂದ ಬ್ರಹ್ಮನು ಸೃಷ್ಟಿಕಾರ್ಯಕ್ಕೆ ತೆಗೆದುಕೊಂಡ 47,400 ದಿವ್ಯವರ್ಷಗಳನ್ನು, ಎಂದರೆ ಒಂದು ಕೋಟಿ 70 ಲಕ್ಷಕ್ಕೂ ಹೆಚ್ಚು ಮಾನವ ವರ್ಷಗಳನ್ನು, ಕಳೆಯಬೇಕೆನ್ನುತ್ತದೆ. ಆ ಗಣಿತ ಬೇರೆಯೇ ಉದ್ದೇಶದ್ದು. ಎಲ್ಲ ಗ್ರಹಗಳೂ ಪೂರ್ಣ ಸಂಖ್ಯೆಯ ಸುತ್ತುಗಳನ್ನು ಮುಗಿಸಿ ಒಂದೆಡೆ ಸೇರುವಂತೆ ಕಾಲಮಾನವನ್ನು ಕಟ್ಟಿದರೆ ಭಿನ್ನರಾಶಿಗಳ ಕಾಟವಿಲ್ಲದೆ ಗ್ರಹಣಗಳನ್ನು ಹೇಳಬಹುದು. ಗಣಕನ ಜಾಣ್ಮೆ ಅದು, ಅದರ ಹಿರಿಮೆ ಅದಕ್ಕಿರಲಿ. ಅದರಿಂದ ಕಲ್ಲಿನ ವಯಸ್ಸನ್ನು ಹೊರಡಿಸುವುದು, ಮನುವನ್ನು ನೋಹನಾಗಿಸಿದ ಜೋನ್ಸನ ಕೆಲಸವನ್ನೇ ತಿರುವುಮುರುವಾಗಿ ಮಾಡಿದಂತೆ.

ಕಾಲ ಅಪಾರವೆಂದು ಊಹಿಸಲು ಅಂಜದ ಪರಂಪರೆ ನಮ್ಮದು ಎನ್ನುವುದರಲ್ಲಿ ಸತ್ಯವಿದೆ; ಈ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಸೆಜ್‌ವಿಕ್ಕನಷ್ಟು ಸಂಕಟ ಯಾರೂ ಪಡಬೇಕಾಗಿ ಬರಲಿಲ್ಲ. ಸಂಕಟ ಪಡದ್ದರಿಂದಲೇ ಪ್ರಶ್ನೆಯನ್ನು ಪೂರ್ತಿ ಕೇಳಿಕೊಂಡೂ ಇಲ್ಲ ಎಂದು ನನಗೆ ತೋರುತ್ತದೆ. ಪರೀಕ್ಷೆಗೆ ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಕೆಂಪೇಗೌಡನ ಗೋಪುರ ನಿಂತಿರುವ ಬಂಡೆ, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟ ಶಿಲಾವರ್ಗಕ್ಕೆ ಸೇರಿದ್ದು. 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬಸವನಗುಡಿಯ ಮನೆಯಲ್ಲಿ ಬೆಳಿಗ್ಗೆ ಸಂಕಲ್ಪ ಹೇಳಿ, ಸಂಜೆ ಲಾಲ್‌ಬಾಗಿಗೆ ತಿರುಗಾಡಲು ಹೋಗುವ ಗೃಹಸ್ಥ ಕಾಲಿಡುವುದು, ತಾನು ಬೆಳಿಗ್ಗೆ ಹೇಳಿದ ಸೃಷ್ಟಿಗಿಂತ ನೂರು ಕೋಟಿ ವರ್ಷ ಹಳೆಯದಾದ ಕಲ್ಲಿನ ಮೇಲೆ.