ಒದ್ದೆ ರನ್‌ವೇ, ಹಿಂಗಾಳಿ: ಹ್ಯಾಲಿಫ್ಯಾಕ್ಸ್ ಸರಕು ವಿಮಾನ ಅವಘಡ

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 2018ರ ನವೆಂಬರ್ 7ರ ಬೆಳಗಿನ ಜಾವ ಸ್ಕೈಲೀಸ್ ಕಾರ್ಗೋ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನ ರನ್‌ವೇ ದಾಟಿ 270 ಮೀಟರ್ ಮುಂದೆ ಹೋಗಿ ನಿಂತಿತು. ವಿಮಾನದಲ್ಲಿದ್ದ ನಾಲ್ವರೂ ಪಾರಾದರು. ವಿಮಾನ ಮಾತ್ರ ಮತ್ತೆ ಹಾರಲಿಲ್ಲ.

ಮಳೆಯಿಂದ ರನ್‌ವೇ ಒದ್ದೆಯಾಗಿತ್ತು. ಇಳಿಯಲು ಒಂದೂವರೆ ನಿಮಿಷವೂ ಉಳಿಯದಿದ್ದಾಗ ಹಿಂಗಾಳಿಯ ಅರಿವಾಯಿತು. ನಿಲ್ಲಲು ಬೇಕಾದ ದೂರವನ್ನು ಪೈಲಟ್‌ಗಳು ಮತ್ತೆ ಲೆಕ್ಕ ಹಾಕಲಿಲ್ಲ. ನೆಲ ಮುಟ್ಟಿದ ಮೇಲೆ ಒಂದು ಇಂಜಿನ್‌ನ ಲಿವರ್ ಅರಿವಿಲ್ಲದೆ ಮುಂದೆ ಸರಿದು ಸ್ವಯಂಚಾಲಿತ ಬ್ರೇಕ್ ಕೆಲಸ ನಿಲ್ಲಿಸಿತು. ಸಿಬ್ಬಂದಿಯ ದಣಿವನ್ನೂ ತನಿಖಾ ವರದಿ ಎತ್ತಿ ಹೇಳಿತು.

ಕೇರಳದ ಕರಿಪ್ಪೂರಿನಲ್ಲಿ 2020ರ ಆಗಸ್ಟ್ 7ರಂದು 21 ಮಂದಿಯನ್ನು ಬಲಿ ಪಡೆದ ಪ್ರಯಾಣಿಕ ವಿಮಾನ ದುರಂತದಲ್ಲೂ ಒದ್ದೆ ರನ್‌ವೇ ಮತ್ತು ಹಿಂಗಾಳಿ ಜೊತೆಗೂಡಿದ್ದವು. ಇಂಥ ಹೊತ್ತಿನಲ್ಲಿ ಪೈಲಟ್‌ಗಳು ಕಲಿಯುವ ಪಾಠ ಒಂದೇ: ಸಂಶಯ ಬಂದರೆ ಇಳಿಯಬಾರದು, ಮತ್ತೆ ಮೇಲೇರಬೇಕು.